ಲಿವರ್‌ಪೂಲ್‌ನ ಹಳೇ ಟೆರೇಸ್ ಮನೆ, ಗೋಡೆಯೆಲ್ಲ ತೇವ. ಕಟ್ಟಿದವರು ಯಾರು, ರಿಪೇರಿ ಹೇಗೆ?

ಮಳೆಕಪ್ಪೆ
ಎಲ್ಲರಿಗೂ ನಮಸ್ಕಾರ. ಸಾಗರದ ಕಡೆಯವನು, ಆರು ವರ್ಷದಿಂದ ಲಿವರ್‌ಪೂಲ್‌ನಲ್ಲಿದ್ದೀನಿ. ಹೋದ ಚಳಿಗಾಲದಲ್ಲಿ ಟಾಕ್ಸ್‌ಟೆತ್‌ನಲ್ಲಿ, ಪ್ರಿನ್ಸಸ್ ಪಾರ್ಕಿಗೆ ಹತ್ತು ನಿಮಿಷದ ನಡಿಗೆಯಲ್ಲಿ, ಒಂದು ವಿಕ್ಟೋರಿಯನ್ ಟೆರೇಸ್ ಮನೆ ಕೊಂಡ್ವಿ. ಕೆಳಗೆ ಎರಡು ಕೋಣೆ, ಮೇಲೆ ಎರಡು, ಹಿಂದೆ ಬಾಲದ ಹಾಗೆ ಅಡುಗೆಮನೆ, ಅದರಾಚೆ ನಾಲ್ಕು ಹೆಜ್ಜೆ ಹಿತ್ತಲು.

ತೊಂದರೆ ಏನಂದ್ರೆ, ಹಿಂದಿನ ಕೋಣೆಯ ಗೋಡೆ ನೆಲದಿಂದ ಮೊಣಕಾಲೆತ್ತರಕ್ಕೆ ಒದ್ದೆ. ವಾಲ್‌ಪೇಪರ್ ಹಪ್ಪಳದ ಥರ ಉಬ್ಬಿದೆ. ಕಿತ್ತರೆ ಒಳಗೆ ಬಿಳಿ ಉಪ್ಪು. ತೇವದ ಕೆಲಸ ಮಾಡುವ ಕಂಪನಿಯವನೊಬ್ಬ ಬಂದ, ಎರಡು ಮುಳ್ಳಿನ ಮೀಟರನ್ನು ಗೋಡೆಗೆ ಚುಚ್ಚಿ ನಾಲ್ಕು ಕಡೆ 'ಪೀಂ' ಅನ್ನಿಸಿದ. ನೆಲದಿಂದ ನೀರು ಮೇಲೇರ್ತಿದೆ, ಗೋಡೆಗೆ ಸಾಲಾಗಿ ತೂತು ಕೊರೆದು ಕೆಮಿಕಲ್ ತುಂಬಬೇಕು, ಒಳಗಿನ ಗಿಲಾವು ಒಂದು ಮೀಟರ್ ಎತ್ತರ ಕಿತ್ತು ಸಿಮೆಂಟ್ ಹೊಡೀಬೇಕು ಅಂದ. 3,800 ಪೌಂಡ್. ಇಪ್ಪತ್ತು ನಿಮಿಷಕ್ಕೆ ಮಾತು ಮುಗೀತು.

ಇನ್ನೊಂದು, ಇದು ಬರೀ ಕುತೂಹಲ. ಪಕ್ಕದ ಬೀದಿಗಳಿಗೆಲ್ಲ ನಾಲಿಗೆ ಹೊರಳದ ವೆಲ್ಶ್ ಹೆಸರು. ಇಂಗ್ಲೆಂಡಿನ ಊರಲ್ಲಿ ವೇಲ್ಸ್ ಹೆಸರು ಯಾಕೆ? ಈ ನೂರಾರು ಮನೆಗಳನ್ನ ಒಂದೇ ಅಚ್ಚಿನಲ್ಲಿ ಕಟ್ಟಿದ ಪುಣ್ಯಾತ್ಮ ಯಾರು? ಗೊತ್ತಿರೋರು ಹೇಳಿ.

ಬೆಣ್ಣೆದೋಸೆ78
ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡ್ಸಿ ಸರ್. ನಮ್ಮ ದಾವಣಗೆರೆ ಮನೆ ತಾರಸಿಗೂ ಹಂಗೇ ಆಗಿತ್ತು. ಮಳೆಗಾಲಕ್ಕೆ ಮುಂಚೆ ಮಾಡ್ಸಿ.

ಮಳೆಕಪ್ಪೆ
ಅಯ್ಯೋ, ತಾರಸಿ ಅಲ್ಲ ಅಣ್ಣ. ಇಲ್ಲಿ ಟೆರೇಸ್ ಅಂದ್ರೆ ಸಾಲುಮನೆ. ಅಕ್ಕಪಕ್ಕದ ಮನೆಗೆ ಒಂದೇ ಗೋಡೆ.

ಬೆಣ್ಣೆದೋಸೆ78
ಓ. ಹಂಗಾದ್ರೆ ಅಗ್ರಹಾರ ಅನ್ನಿ.

ಗಾರೆಕೆಲಸ
ಮಳೆಕಪ್ಪೆಯವರೇ, ದುಡ್ಡು ಕೊಡಬೇಡಿ. ಇನ್ನೂ ಕೊಟ್ಟಿಲ್ಲ ತಾನೆ?

ನಾನು ಮ್ಯಾಂಚೆಸ್ಟರ್ ಸುತ್ತಮುತ್ತ ಹಳೇ ಕಟ್ಟಡದ ರಿಪೇರಿಯಲ್ಲೇ ಇರೋದು, ಹದಿನಾಲ್ಕು ವರ್ಷ ಆಯ್ತು. ಮೊದಲು ಆ ಮೀಟರ್ ವಿಷಯ. ಅದು ಮರದಲ್ಲಿ ಎಷ್ಟು ತೇವ ಇದೆ ಅಂತ ನೋಡೋಕೆ ಮಾಡಿದ್ದು. ಎರಡು ಮುಳ್ಳಿನ ನಡುವೆ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅಳೆಯುತ್ತೆ, ಅಷ್ಟೆ. ಗೋಡೆಯಲ್ಲಿ ಉಪ್ಪು ಇದ್ರೂ ಕರೆಂಟು ಹರಿಯುತ್ತೆ, ಮೀಟರ್ ಕೂಗುತ್ತೆ. ನೀರು ಎಲ್ಲಿಂದ ಬಂತು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನು ನಿಮ್ಮ ಗೋಡೆ. ಈ ಕಾಲದ ಗೋಡೆ ಒಂಬತ್ತು ಇಂಚು ಗಟ್ಟಿ ಇಟ್ಟಿಗೆ, ಮಧ್ಯೆ ಈಗಿನ ಮನೆಯ ಹಾಗೆ ಗಾಳಿ ಸಂದಿ ಇರೋಲ್ಲ. ಹೊರಗೆ ನಿಂತು ನೋಡಿ. ನಡುನಡುವೆ ಇಟ್ಟಿಗೆಯ ಚಿಕ್ಕ ತಲೆ ಕಂಡರೆ ಗಟ್ಟಿ ಗೋಡೆ ಅಂತಲೇ. ಅವನ್ನ ಕೂಡಿಸಿದ್ದು ಸಿಮೆಂಟಲ್ಲ, ಸುಣ್ಣದ ಗಾರೆ. ಮಳೆ ಬಂದಾಗ ಗೋಡೆ ಒಂದಿಷ್ಟು ನೀರು ಕುಡಿಯುತ್ತೆ, ಬಿಸಿಲು ಗಾಳಿಗೆ ಆ ಸುಣ್ಣದ ಸಂದಿಗಳಿಂದಲೇ ಬಿಡುತ್ತೆ. ಒಳಗೆ ದಿನವಿಡೀ ಕಲ್ಲಿದ್ದಲು ಉರಿಯೋದು, ಚಿಮಣಿ ಮನೆಯ ಗಾಳಿಯನ್ನ ಎಳೀತಾ ಇರೋದು. ಇಡೀ ಏರ್ಪಾಟು ಹಾಗಿತ್ತು. ಆಮೇಲೆ ಬಂದವರು ಚಿಮಣಿ ಮುಚ್ಚಿದ್ರು, ಪ್ಲಾಸ್ಟಿಕ್ ಕಿಟಕಿ ಕೂರಿಸಿದ್ರು, ಹೊರಗೆ ಸಿಮೆಂಟ್ ಬಳಿದ್ರು, ಒಳಗೆ ಪ್ಲಾಸ್ಟಿಕ್ ಪೇಂಟ್ ಹೊಡೆದ್ರು. ಗೋಡೆಗೆ ರೇನ್‌ಕೋಟ್ ಹಾಕಿ ಬೆವರಬೇಡ ಅಂದ ಹಾಗೆ.

ಒಂದು ಕೆಲಸ ಮಾಡಿ. ಹಿತ್ತಲಿಗೆ ಹೋಗಿ ಗೋಡೆಯ ಬುಡದಲ್ಲಿ ಏನಿದೆ ನೋಡಿ ಹೇಳಿ. ಕೀಲಿಕೈ ತಗೊಂಡು ಸಂದಿಯನ್ನ ಕೆರೆದು ನೋಡಿ. ಉದುರಿದರೆ ಸುಣ್ಣ, ಗೀರು ಮಾತ್ರ ಬಿದ್ದರೆ ಸಿಮೆಂಟು.

ಸುಮ್ನೆಓದುಗ
ಪ್ಲಾಸ್ಟಿಕ್ ಪೇಂಟಿನ ಮಾತು ಓದಿ ಎದೆ ಧಸಕ್ ಅಂತು. ಹೋದ ವಾರವಷ್ಟೇ ಹೊಡೆಸಿದ್ದೀನಿ.

ನಕ್ಷೆಹುಚ್ಚ
ಎರಡನೇ ಪ್ರಶ್ನೆ ನನಗೆ ಬಿಡಿ. ಇದಕ್ಕೇ ಕಾಯ್ತಿದ್ದೆ.

ಲಿವರ್‌ಪೂಲ್ ಬೆಳೆಯುವಾಗ ಮನೆ ಕಟ್ಟುವ ದಂಧೆ ಬಹುಪಾಲು ವೇಲ್ಸಿನವರ ಕೈಲಿತ್ತು. ಮುಂಬೈಗೆ ಉಡುಪಿಯವರ ಹೋಟೆಲ್ ಹೇಗೋ ಹಾಗೆ. ಊರಿಂದ ಒಬ್ಬ ಬಂದ, ನಾಲ್ಕು ಕಾಸು ಮಾಡಿದ, ತಮ್ಮನನ್ನ ಕರೆಸಿದ, ತಮ್ಮ ಭಾವಮೈದುನನ್ನ ಕರೆಸಿದ. ಮೇಸ್ತ್ರಿಯೂ ವೆಲ್ಶ್, ಮರದ ವ್ಯಾಪಾರಿಯೂ ವೆಲ್ಶ್, ಸೂರಿಗೆ ಸ್ಲೇಟೂ ಉತ್ತರ ವೇಲ್ಸಿನ ಗಣಿಯದು, ಕೆಂಪು ಇಟ್ಟಿಗೆ ರೂಆಬನ್ ಕಡೆಯದು. ಭಾನುವಾರ ಎಲ್ಲರೂ ಸೇರೋದು ಒಂದೇ ಚಾಪೆಲ್‌ನಲ್ಲಿ. ಸಾಲ, ಗುತ್ತಿಗೆ, ಮದುವೆ ಮಾತುಕತೆ ಎಲ್ಲ ಅಲ್ಲೇ ಆಗ್ತಿತ್ತು ಅಂದ್ಕೊಳ್ಳಿ.

ನಿಮ್ಮ ಪಕ್ಕದ ಬೀದಿಗಳಿಗೆ 'ವೆಲ್ಶ್ ಸ್ಟ್ರೀಟ್ಸ್' ಅಂತಲೇ ಹೆಸರು. ಮ್ಯಾಡ್ರಿನ್, ಕಿನ್ಮೆಲ್, ಪೋವಿಸ್ ಇತ್ಯಾದಿ. 1870ರ ದಶಕದವು. ವಿನ್ಯಾಸ ರಿಚರ್ಡ್ ಓವೆನ್ಸ್ ಅನ್ನುವವನದು. 1831ರಲ್ಲಿ ಉತ್ತರ ವೇಲ್ಸಿನ ಪುಲ್‌ಹೆಲಿ ಹತ್ತಿರ ಹುಟ್ಟಿ ಲಿವರ್‌ಪೂಲಿಗೆ ಬಂದವನು. ಚಾಪೆಲ್‌ಗಳ ಆರ್ಕಿಟೆಕ್ಟ್ ಅಂತಲೇ ಹೆಸರಾಗಿದ್ದ. ಈ ಊರಲ್ಲಿ ಅವನ ಕೈಯಿಂದ ಹತ್ತು ಸಾವಿರಕ್ಕೂ ಹೆಚ್ಚು ಟೆರೇಸ್ ಮನೆ ಬಂತು ಅಂತಾರೆ. 1891ರಲ್ಲಿ ತೀರಿಕೊಂಡ.

ಇದಕ್ಕಿಂತ ಮಜಾ ಬೇಕಾ? ಗುಡಿಸನ್ ಪಾರ್ಕ್ ಫುಟ್‌ಬಾಲ್ ಮೈದಾನದ ಹತ್ತಿರದ ಬೀದಿಗಳನ್ನ ಸಾಲಾಗಿ ಓದಿ. ಆಕ್ಸ್‌ಟನ್, ವಿನ್ಸ್ಲೋ, ಈಟನ್, ನೆಸ್ಟನ್. ಇಂಗ್ಲಿಷಿನಲ್ಲಿ ಮೊದಲಕ್ಷರ ಕೂಡಿಸಿದರೆ 'ಓವೆನ್'. ಹಾಗೇ ಮುಂದಕ್ಕೆ ಹೋದ್ರೆ 'ಓವೆನ್ ಆಂಡ್ ವಿಲಿಯಂ ಓವೆನ್ ಎಲಿಯಾಸ್' ಅಂತ ಪೂರ್ತಿ ಆಗುತ್ತೆ. ಆ ಬೀದಿಗಳನ್ನ ಕಟ್ಟಿದ ವೆಲ್ಶ್ ಬಿಲ್ಡರ್ ಅಪ್ಪ ಮಗ ತಮ್ಮ ಹೆಸರನ್ನೇ ಊರಿನ ಮೇಲೆ ಬರೆದು ಹೋಗಿದ್ದಾರೆ.

ಧಾರವಾಡಪೇಡೆ
ಏನ್ ತಲಿ ಓಡಿಸ್ಯಾರಪ್ಪಾ! ನಮ್ಮಲ್ಲಿ ಲೇಔಟ್ ಮಾಡಾವ್ರು ಇಷ್ಟ್ ತ್ರಾಸ್ ತಗೋಳ್ಳೂದಿಲ್ಲ. ಮಗಳ ಹೆಸರು ಇಟ್ಟು 'ನಗರ' ಅಂತ ಹಚ್ಚಿ ಬಿಟ್ರ ಮುಗೀತು.

ಕರಾವಳಿಹುಡುಗಿ
ಸ್ಲೇಟು ಅಂದ್ರೆ ನಾವು ಶಾಲೆಯಲ್ಲಿ ಬಳಪದಲ್ಲಿ ಬರೀತಿದ್ದ ಸ್ಲೇಟಾ ಮಾರಾಯ್ರೆ? ಅದನ್ನ ಮಾಡಿಗೆ ಹೊದಿಸ್ತಾರಾ? ಒಡೆಯೂದಿಲ್ವಾ?

ನಕ್ಷೆಹುಚ್ಚ
ಅದೇ ಕಲ್ಲು. ಹಾಳೆ ಹಾಳೆಯಾಗಿ ಸೀಳುತ್ತೆ. ಅಳತೆಗೆ ತಕ್ಕ ಹಾಗೆ ಹೆಸರು ಬೇರೆ ಇಟ್ಟಿದ್ರು. 24 ಇಂಚು ಉದ್ದ 12 ಅಗಲದ್ದು ಡಚೆಸ್. 20ಕ್ಕೆ 10 ಕೌಂಟೆಸ್. 16ಕ್ಕೆ 8 ಲೇಡಿ. ಸೂರಿನ ಮೇಲೆ ರಾಣೀವಾಸ, ಕೆಳಗೆ ಹಡಗುಕಟ್ಟೆಯ ಕೂಲಿಯವನು.

ಕರಾವಳಿಹುಡುಗಿ
ನಮ್ಮ ಮಂಗಳೂರು ಹಂಚೂ ಅದೇ ಸುಮಾರಿನದ್ದು ಗೊತ್ತುಂಟಾ? ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ನಮ್ಮ ಅಜ್ಜಿಮನೆ ಹಂಚಿನ ಬೆನ್ನಿನ ಮೇಲೆ ಇನ್ನೂ ಆ ಅಚ್ಚಿನ ಅಕ್ಷರ ಉಂಟು. ಒಂದಾದರೂ ಹಂಚಿಗೆ ರಾಣಿ ಹೆಸರು ಇಟ್ಟದ್ದು ನಾ ಕಾಣೆ.

ಗಾರೆಕೆಲಸ
ಸೂರಿನ ಮಾತು ಬಂತಲ್ಲ, ಮಳೆಕಪ್ಪೆಯವರು ಅದನ್ನೂ ನೋಡಬೇಕು. ಎಷ್ಟೋ ಮನೆಯಲ್ಲಿ ಆಮೇಲೆ ಸ್ಲೇಟು ತೆಗೆದು ಕಾಂಕ್ರೀಟ್ ಹಂಚು ಹೊದಿಸಿದ್ದಾರೆ. ಅದು ಸ್ಲೇಟಿಗಿಂತ ಭಾರ. ಹಳೇ ಜಂತೆಗಳು ಆ ಭಾರಕ್ಕೆ ಅಂತ ಹಾಕಿದವಲ್ಲ. ಬೀದಿಯ ಆಚೆ ಬದಿಗೆ ನಿಂತು ನಿಮ್ಮ ಸೂರಿನ ಗೆರೆ ನೋಡಿ, ಮುದಿ ಎಮ್ಮೆ ಬೆನ್ನಿನ ಹಾಗೆ ತಗ್ಗಿದ್ದರೆ ಹೇಳಿ.

ಲೀಡ್ಸ್‌ಅಕ್ಕ
ಅಟ್ಟಕ್ಕೆ ಹತ್ತಿದ್ರೆ ಇನ್ನೊಂದು ನೋಡಿ. ನಾವು ಲೀಡ್ಸ್‌ನಲ್ಲಿ ಮನೆ ಕೊಂಡ ಹೊಸದ್ರಲ್ಲಿ ನಮ್ಮೆಜಮಾನ್ರು ಟಾರ್ಚ್ ಹಿಡಿದು ಅಟ್ಟ ಹತ್ತಿದ್ರು. ಐದು ನಿಮಿಷ ಸದ್ದಿಲ್ಲ. ಆಮೇಲೆ 'ಇಲ್ಲೊಂದು ಕ್ರಿಸ್‌ಮಸ್ ಮರ, ಮಕ್ಕಳ ಸೈಕಲ್ ಇದೆ ಕಣೇ, ಯಾರದ್ದು?' ಅಂತ ಕೂಗಿದ್ರು. ಪಕ್ಕದ ಮನೆಯವರದ್ದು! ಅಟ್ಟದಲ್ಲಿ ನಡುಗೋಡೆಯೇ ಇಲ್ಲ. ಒಂದು ಮನೆಗೆ ಬೆಂಕಿ ಬಿದ್ರೆ ಸಾಲಿಗೆ ಸಾಲೇ ಹೋಗುತ್ತೆ. ನಾವು ಕಟ್ಟಿಸಿದ್ವಿ. ನಡುಗೋಡೆ ಮುಟ್ಟೋದಾದ್ರೆ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಪಕ್ಕದವರಿಗೆ ಮೊದಲೇ ನೋಟಿಸ್ ಕೊಡಬೇಕು, ಮರೀಬೇಡಿ.

ಐಟಿಬಿಟಿ
ನಿಷ್ಠುರ ಆದ್ರೂ ಹೇಳ್ತೀನಿ. ಇವೆಲ್ಲ ಆ ಕಾಲದ ಸ್ಲಂ. ಲಾಭಕ್ಕೆ ಅಂತ ಬಿಲ್ಡರ್‌ಗಳು ದಡಬಡ ಕಟ್ಟಿ ಎಸೆದಿದ್ದು. ಅದಕ್ಕೆ ಈಗ 'ಪಾರಂಪರಿಕ' ಅಂತ ಲೇಬಲ್ ಹಚ್ಚಿ, ಚಳಿಗೆ ನಡುಗ್ತಾ, ಗ್ಯಾಸ್ ಬಿಲ್ ಕಟ್ತಾ ಕೂರೋದು ಯಾಕೆ? ಕೆಡವಿ ಹೊಸದು ಕಟ್ಟೋದೇ ಸರಿ. ಟೆರೇಸ್ ನೋಡಬೇಕು ಅಂದ್ರೆ ಬಾತ್ ಊರಿನ ರಾಯಲ್ ಕ್ರೆಸೆಂಟ್ ನೋಡಿ. ಅದು ವಿಕ್ಟೋರಿಯನ್ ವಾಸ್ತುಶಿಲ್ಪ ಅಂದ್ರೆ.

ನಕ್ಷೆಹುಚ್ಚ
ರಾಯಲ್ ಕ್ರೆಸೆಂಟ್ ಕಟ್ಟಲು ಶುರು ಮಾಡಿದ್ದು 1767ರಲ್ಲಿ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ. ಆಕೆಯ ಅಪ್ಪನ ಹುಟ್ಟಿಗೂ ಮುಂಚೆ ಆ ಮನೆಗಳಿಗೆ ಪಾಯ ಬಿದ್ದಿತ್ತು. ಜಾನ್ ವುಡ್ ಕಿರಿಯ ಕಟ್ಟಿದ್ದು, ಜಾರ್ಜಿಯನ್, ಅಂದ್ರೆ ಜಾರ್ಜ್ ರಾಜರ ಕಾಲದ್ದು.

ಐಟಿಬಿಟಿ
ಸರಿ ಸ್ವಾಮಿ, ಎಪ್ಪತ್ತು ವರ್ಷ ಹಿಂದೆಮುಂದೆ. ವಾದ ಅದೇ.

ಲೀಡ್ಸ್‌ಅಕ್ಕ
ಎಪ್ಪತ್ತು ವರ್ಷ ಹಿಂದೆಮುಂದೆ ಅಂತೆ! ನಮ್ಮ ಅತ್ತೆಯವರ ವಯಸ್ಸೇ ಅಷ್ಟು.

ಹಳೇಡಾಕ್ಟ್ರು
ಐಟಿಬಿಟಿ ತಮ್ಮಾ, ನಾನು 1974ರಲ್ಲಿ ಬಂದವನು. ನೀನು ಹೇಳೋದ್ರಲ್ಲಿ ಅರ್ಧ ಸತ್ಯ ಇದೆ, ಅದನ್ನ ಒಪ್ಪಬೇಕು. ನಾನು ಮೊದಲು ಬಾಡಿಗೆಗಿದ್ದ ಮನೆಯಲ್ಲಿ ಕಕ್ಕಸು ಹಿತ್ತಲ ತುದಿಯಲ್ಲಿ. ಜನವರಿಯಲ್ಲಿ ರಾತ್ರಿ ಎರಡು ಗಂಟೆಗೆ ಕೋಟು, ಮಂಕಿಕ್ಯಾಪು, ಟಾರ್ಚು. ಕೊಳವೆ ಹೆಪ್ಪುಗಟ್ಟಬಾರದು ಅಂತ ಅಲ್ಲೊಂದು ಸೀಮೆಎಣ್ಣೆ ದೀಪ ಇಡ್ತಿದ್ವಿ. ಸ್ನಾನಕ್ಕೆ ವಾರಕ್ಕೊಮ್ಮೆ ಸಾರ್ವಜನಿಕ ಸ್ನಾನದ ಮನೆಗೆ ಹೋಗ್ತಿದ್ದೆ. ನಮ್ಮಮ್ಮನಿಗೆ ಕಾಗದ ಬರೆಯುವಾಗ ಮಾತ್ರ ಇದನ್ನೆಲ್ಲ ಬಿಟ್ಟು 'ವಿಲಾಯಿತಿಯಲ್ಲಿ ಸೌಖ್ಯವಾಗಿದ್ದೇನೆ' ಅಂತ ಬರೀತಿದ್ದೆ.

ಆದರೆ 'ಸ್ಲಂ' ಅನ್ನೋದು ತಪ್ಪು. ಸ್ಲಂ ಯಾವುದಾಗಿತ್ತು ಅಂದ್ರೆ ಇವಕ್ಕಿಂತ ಮುಂಚಿನ ಕೋರ್ಟ್ ಮನೆಗಳು. ಕಿರಿದಾದ ಅಂಗಳದ ಎರಡು ಬದಿಗೆ ಮೂರು ಮಹಡಿಯ ಗೂಡುಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದೋ ಎರಡೋ ಕಕ್ಕಸು. ನಮ್ಮ ವಠಾರ ನೆನಪು ಮಾಡ್ಕೋ, ಅದರಲ್ಲಿ ಗಾಳಿ ಬೆಳಕು ತೆಗೆದುಬಿಡು. ಕಾಲರಾ, ಟೈಫಸ್ ಬಂದಾಗ ಜನ ಹುಳದ ಹಾಗೆ ಸತ್ತರು. ಅದಕ್ಕೇ ಲಿವರ್‌ಪೂಲ್ 1847ರಲ್ಲಿ ಡಾ. ಡಂಕನ್‌ರನ್ನ ಆರೋಗ್ಯಾಧಿಕಾರಿ ಮಾಡಿತು. ಬ್ರಿಟನ್ನಿನಲ್ಲಿ ಅಂಥ ಹುದ್ದೆಗೆ ಅವರೇ ಮೊದಲಿಗರು. ಅದೇ ವರ್ಷ ಜೇಮ್ಸ್ ನ್ಯೂಲ್ಯಾಂಡ್ಸ್ ಊರಿನ ಇಂಜಿನಿಯರ್ ಆಗಿ ಚರಂಡಿ ಹಾಕಿಸೋಕೆ ನಿಂತರು.

ಮುಂದೆ 1875ರಲ್ಲಿ ಸಾರ್ವಜನಿಕ ಆರೋಗ್ಯ ಕಾಯ್ದೆ, 1877ರಲ್ಲಿ ಮಾದರಿ ಉಪನಿಯಮಗಳು ಬಂದವು. ದೊಡ್ಡ ಬೀದಿ ಕನಿಷ್ಠ 36 ಅಡಿ ಅಗಲ, ಪ್ರತಿ ಮನೆಗೆ ಹಿಂದೆ ಖಾಲಿ ಜಾಗ, ಕಕ್ಕಸು, ಗೋಡೆಗೆ ತೇವ ತಡೆಯುವ ಪದರ. ಈಗ ನಮಗೆ ಬೋರು ಅನಿಸುವ ಒಂದೇ ಅಚ್ಚಿನ ಆ ನೇರ ಸಾಲುಗಳಿವೆಯಲ್ಲ, ಅವು ಈ ನಿಯಮದ ಕೂಸು. ವೈದ್ಯನಾಗಿ ಹೇಳ್ತೀನಿ, ಆ 36 ಅಡಿ ರಸ್ತೆ ಉಳಿಸಿದ ಜೀವ ನಾವ್ಯಾರೂ ಉಳಿಸಿಲ್ಲ.

ಮಳೆಕಪ್ಪೆ
ಡಾಕ್ಟ್ರೇ, ಕಾಗದದ ವಿಷಯ ಓದಿ ನಗು ಬಂತು. ನಾನೂ ಅಮ್ಮನಿಗೆ ವೀಡಿಯೋ ಕಾಲ್‌ನಲ್ಲಿ ತೇವದ ಗೋಡೆ ಕಾಣದ ಹಾಗೆ ಫೋನ್ ಹಿಡೀತೀನಿ.

ಹಿತ್ತಲ ಹಿಂದೆ ಒಂದು ಗಲ್ಲಿ ಇದೆ, ಎರಡೂ ತುದಿಗೆ ಗೇಟು. ಪಕ್ಕದಜ್ಜಿ ಅದನ್ನ 'ಜಿಗರ್' ಅಂತಾರೆ. ಅದು ಯಾಕೆ? ಅದನ್ನೂ ನಮ್ಮ ಮನೆಗೇ ಸೇರಿಸಿಕೊಂಡಿದ್ರೆ ಒಂದು ಕೋಣೆ ಆಗ್ತಿತ್ತು.

ಹಳೇಡಾಕ್ಟ್ರು
ಹಿತ್ತಲ ಕಕ್ಕಸಿನ ಗೊಬ್ಬರ ಸಾಗಿಸೋಕೆ, ಕಲ್ಲಿದ್ದಲು ತರೋಕೆ. ಮುಂಬಾಗಿಲಿಂದ ಅವೆರಡೂ ಬರಬಾರದಲ್ಲ. ಒಂದೊಂದು ಊರಲ್ಲಿ ಒಂದೊಂದು ಹೆಸರು. ಯಾರ್ಕ್‌ಶೈರ್ ಕಡೆ ಗಿನಲ್ ಅಂತಾರೆ.

ಬೆಣ್ಣೆದೋಸೆ78
ಕನ್ಸರ್ವೆನ್ಸಿ! ಮಲ್ಲೇಶ್ವರ, ಬಸವನಗುಡಿಯಲ್ಲಿ ಮನೆಗಳ ಹಿಂದೆ ಇದೆಯಲ್ಲ, ಅದೇ ಇದು. ನಮ್ಮ ದೊಡ್ಡಮ್ಮನ ಮನೆ ಹಿಂದೆ ಇತ್ತು, ನಾವು ಕ್ರಿಕೆಟ್ ಆಡ್ತಿದ್ವಿ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ.

ನಕ್ಷೆಹುಚ್ಚ
ಈ ಸಲ ಬೆಣ್ಣೆದೋಸೆಯವರು ಸರಿಯಾಗಿ ಹಿಡಿದ್ರು. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದ ಮೇಲೆ ಆ ಎರಡು ಬಡಾವಣೆಗಳು ಬೆಳೆದದ್ದು ಇದೇ ತಲೆಯಿಂದ. ಅಗಲ ರಸ್ತೆ, ಗಾಳಿ, ಹಿಂದೆ ಜಾಡಮಾಲಿಗೆ ಅಂತ ಗಲ್ಲಿ. ಜಿಗರ್ ಮತ್ತೆ ಕನ್ಸರ್ವೆನ್ಸಿ ಒಂದೇ ಬಳ್ಳಿಯ ಕಾಯಿ. ಆ ಗಲ್ಲಿಯಲ್ಲಿ ಯಾರು ಏನು ಹೊತ್ತುಕೊಂಡು ನಡೀತಿದ್ರು ಅನ್ನೋದನ್ನೂ ಕ್ರಿಕೆಟ್ ನೆನೆಸಿಕೊಳ್ಳೋವಾಗ ಮರೀಬಾರದು.

ಧಾರವಾಡಪೇಡೆ
ನಮ್ಮ ಮನಿ ಒಂದ್ ಬದಿ ಕಿಟಕಿ ಜಾಗಾದಾಗ ಇಟ್ಟಂಗಿ ಹಚ್ಚಿ ಮುಚ್ಯಾರ. ಅದು ಕಿಟಕಿ ತೆರಿಗಿ ತಪ್ಪಸಾಕ ಅಂತ ಏಜೆಂಟ್ ಹೇಳಿದ. ಕಿಟಕಿಗೂ ತೆರಿಗಿ ಇತ್ತಂತ, ಖರೇನಾ?

ನಕ್ಷೆಹುಚ್ಚ
ತೆರಿಗೆ ಇದ್ದದ್ದು ನಿಜ. 1696ರಿಂದ 1851ರ ತನಕ. ನಿಮ್ಮ ಮನೆ ಯಾವ ವರ್ಷದ್ದು?

ಧಾರವಾಡಪೇಡೆ
1886 ಅಂತ ಬಾಗಲಾ ಮ್ಯಾಲ ಕಲ್ಲಿನಾಗ ಕೆತ್ಯಾರ.

ನಕ್ಷೆಹುಚ್ಚ
ತೆರಿಗೆ ಹೋಗಿ 35 ವರ್ಷದ ಮೇಲೆ ಕಟ್ಟಿದ ಮನೆ, ತೆರಿಗೆ ತಪ್ಪಿಸಲು ಕಿಟಕಿ ಮುಚ್ಚಿತಂತೆ. ಏಜೆಂಟ್ ಸುಳ್ಳಿಗೆ ತಲೆಯೂ ಇಲ್ಲ ಬಾಲವೂ ಇಲ್ಲ. ಹೊರಗಿನಿಂದ ಸಮ ಕಾಣಲಿ ಅಂತ ಮೊದಲಿಂದಲೂ ಕುರುಡು ಕಿಟಕಿ ಬಿಟ್ಟಿರಬಹುದು, ಇಲ್ಲ ಆಮೇಲೆ ಯಾರೋ ಮುಚ್ಚಿರಬಹುದು. ಸುತ್ತಲಿನ ಇಟ್ಟಿಗೆ ಜೊತೆ ಬಣ್ಣ ಹೊಂದುತ್ತಾ ನೋಡಿ.

ಅಂದ ಹಾಗೆ ಈ ತೆರಿಗೆಗಳಿಂದಲೇ ವಿಕ್ಟೋರಿಯನ್ ಟೆರೇಸಿನ ಮುಖ ಬದಲಾಯ್ತು. ಗಾಜಿನ ಸುಂಕ 1845ರಲ್ಲಿ ಹೋಯ್ತು, ಇಟ್ಟಿಗೆ ತೆರಿಗೆ 1850ರಲ್ಲಿ, ಕಿಟಕಿ ತೆರಿಗೆ ಮರುವರ್ಷ. ಅಲ್ಲಿಂದ ದೊಡ್ಡ ಗಾಜು ಅಗ್ಗ ಆಗ್ತಾ ಬಂತು. ಮೇಲೆ ಕೆಳಗೆ ಜಾರುವ ಕಿಟಕಿಯಲ್ಲಿ ಮೊದಲು ಒಂದೊಂದು ಪಾಲಿಗೆ ಆರಾರು ಚಿಕ್ಕ ಗಾಜು ಇರ್ತಿತ್ತು. ಆಮೇಲೆ ಎರಡೆರಡು, ಕೊನೆಗೆ ಒಂದೊಂದೇ. ಬೀದಿಯಲ್ಲಿ ನಡೆಯುತ್ತಾ ಕಿಟಕಿಯ ಗಾಜು ಎಣಿಸಿದರೆ ಮನೆಯ ವಯಸ್ಸು ಅಂದಾಜು ಹೇಳಬಹುದು. ಯಾರೂ ಪ್ಲಾಸ್ಟಿಕ್ ಕಿಟಕಿ ಹಾಕಿಸಿರಬಾರದು ಅಷ್ಟೆ.

ಮಳೆಕಪ್ಪೆ
ನಮ್ಮ ಸಾಲಲ್ಲಿ ಇನ್ನೊಂದು ಗಮನಿಸಿದೆ. ಎಲ್ಲ ಒಂದೇ ಥರ ಅಂದಿದ್ದೆನಲ್ಲ, ಅಲ್ಲ. ನಮ್ಮ ಮನೆ ಸೇರಿ ಆರು ಮನೆಗೆ ಬಾಗಿಲ ಮೇಲೆ ಕಲ್ಲಿನಲ್ಲಿ ಎಲೆಯ ಕೆತ್ತನೆ ಇದೆ. ಏಳನೆಯದರಿಂದ ಬೋಳು. ಇಟ್ಟಿಗೆ ಬಣ್ಣವೂ ಒಂದು ಛಾಯೆ ಬೇರೆ.

ನಕ್ಷೆಹುಚ್ಚ
ಅಲ್ಲಿ ಬಿಲ್ಡರ್ ದುಡ್ಡು ಮುಗಿದಿರುತ್ತೆ! ತಮಾಷೆಯಲ್ಲ. ಜಮೀನ್ದಾರ ಲೀಸಿಗೆ ಕೊಟ್ಟ ಜಾಗದಲ್ಲಿ ಸಣ್ಣ ಬಿಲ್ಡರ್ ಸಾಲ ತಂದು ನಾಲ್ಕೋ ಆರೋ ಮನೆ ಎಬ್ಬಿಸ್ತಿದ್ದ, ಅವನ್ನ ಮಾರಿ ಮುಂದಿನ ಆರಕ್ಕೆ ಕೈ ಹಾಕ್ತಿದ್ದ. ಕೊಂಡವರೂ ಅಲ್ಲಿ ವಾಸಕ್ಕಲ್ಲ, ಬಾಡಿಗೆ ಬಿಡೋಕೆ. ನಿಮ್ಮ ಆರನೇ ಏಳನೇ ಮನೆ ನಡುವೆ ಮೇಲಿಂದ ಕೆಳಗೆ ಇಟ್ಟಿಗೆ ಒಂದಕ್ಕೊಂದು ಕಚ್ಚಿಕೊಳ್ಳದೆ ನೇರ ಗೆರೆ ಬಂದಿದೆಯಾ ನೋಡಿ.

ವರ್ಷ ಬೇಕು ಅಂದ್ರೆ ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಹಳೇ ಆರ್ಡ್ನೆನ್ಸ್ ಸರ್ವೇ, ಅಂದ್ರೆ ಸರ್ಕಾರಿ ಭೂಮಾಪನದ ನಕ್ಷೆಗಳು ಪುಕ್ಕಟೆ ಇವೆ. ಇಂಗ್ಲೆಂಡಿನವೂ ಇವೆ. ಒಂದು ನಕ್ಷೆಯಲ್ಲಿ ಹೊಲ, ಮುಂದಿನದರಲ್ಲಿ ನಿಮ್ಮ ಬೀದಿ ಅಂದ್ರೆ ನಡುವೆ ಕಟ್ಟಿದ್ದು. ಆಮೇಲೆ ಊರಿನ ಗ್ರಂಥಾಲಯದಲ್ಲಿ ಗೋರ್ಸ್ ಡೈರೆಕ್ಟರಿ ಕೇಳಿ, ಮನೆ ನಂಬರ್ ಪ್ರಕಾರ ಯಾರಿದ್ರು, ಏನು ಕೆಲಸ ಅಂತ ಇರುತ್ತೆ. ಜನಗಣತಿ 1921ರವರೆಗೆ ಸಿಗುತ್ತೆ. 1931ರದ್ದು ಹುಡುಕಬೇಡಿ, 1942ರಲ್ಲಿ ಸುಟ್ಟುಹೋಯ್ತು.

ತೆಂಕಣಗಾಳಿ
ಎಲ್ಲರೂ ಇಷ್ಟು ಹೇಳಿ ಅಸಲು ಕಥೆ ಬಿಟ್ಟಿರಿ. ಆ ವೆಲ್ಶ್ ಸ್ಟ್ರೀಟ್ಸ್ ಪೂರ್ತಿ ಕೆಡವಿದ್ರು ಗೊತ್ತಾ? ಬೀಟಲ್ಸ್‌ನ ರಿಂಗೋ ಸ್ಟಾರ್ ಹುಟ್ಟಿದ ಮನೆಯೂ ಹೋಯ್ತು.

ಲೀಡ್ಸ್‌ಅಕ್ಕ
ಹೋಗಿಲ್ಲಪ್ಪ. ಹೋದ ವರ್ಷ ಮಗಳನ್ನ ಕರ್ಕೊಂಡು ಹೋಗಿ ಫೋಟೋ ತೆಗೆದಿದ್ದೀನಿ. 9, ಮ್ಯಾಡ್ರಿನ್ ಸ್ಟ್ರೀಟ್. ಯಾರೋ ವಾಸ ಇದ್ದಾರೆ, ಕಿಟಕಿಯಲ್ಲಿ ಬೆಕ್ಕು ಕೂತಿತ್ತು.

ನಕ್ಷೆಹುಚ್ಚ
ಕೆಡವೋಕೆ ಹೊರಟಿದ್ದು ನಿಜ. 2002ರಲ್ಲಿ ಸರ್ಕಾರ 'ಪಾತ್‌ಫೈಂಡರ್' ಅಂತ ಯೋಜನೆ ತಂತು. ಇಂಗ್ಲೆಂಡಿನ ಉತ್ತರ, ನಡುಭಾಗದ ಒಂಬತ್ತು ಪ್ರದೇಶಗಳಲ್ಲಿ ಹಳೇ ಟೆರೇಸ್ ಕೆಡವಿ ಹೊಸದು ಕಟ್ಟಿದ್ರೆ ಮನೆ ಬೆಲೆ ಏರುತ್ತೆ ಅನ್ನೋ ಲೆಕ್ಕ. ವೆಲ್ಶ್ ಸ್ಟ್ರೀಟ್ಸ್‌ನಲ್ಲಿ ಜನರನ್ನ ಎಬ್ಬಿಸಿ, ಬಾಗಿಲು ಕಿಟಕಿಗೆ ತಗಡು ಹೊಡೆದ್ರು. ಯೋಜನೆಗೆ 2011ರಲ್ಲಿ ದುಡ್ಡು ನಿಂತಿತು, ತಗಡು ಹಾಗೇ ಉಳಿಯಿತು. ಉಳಿಸಬೇಕು ಅಂತ ಒಂದು ಗುಂಪು, ಕೆಡವಿ ಮುಗಿಸಿ ಅಂತ ಇನ್ನೊಂದು. ಅಲ್ಲೇ ಇದ್ದವರಲ್ಲೂ ಎರಡು ಪಂಗಡ ಇತ್ತು. ಕೊನೆಗೆ ವಿಚಾರಣೆ ನಡೆದು, 2015ರ ಜನವರಿಯಲ್ಲಿ ಮಂತ್ರಿ ಎರಿಕ್ ಪಿಕಲ್ಸ್ ಕೆಡವುವ ಪ್ರಸ್ತಾವ ತಿರಸ್ಕರಿಸಿದ್ರು. ಆಮೇಲೆ ಒಂದು ಕಂಪನಿ ಮನೆಗಳನ್ನ ರಿಪೇರಿ ಮಾಡ್ತು, ಕೆಲವು ಕಡೆ ಎರಡು ಸೇರಿಸಿ ಒಂದು ಮಾಡಿದ್ರು. ಈಗ ಬಾಡಿಗೆಗೆ.

ಐಟಿಬಿಟಿ
ನೋಡಿ, ಎರಡು ಸೇರಿಸಿ ಒಂದು ಮಾಡಬೇಕಾಯ್ತು. ಮೂಲ ಮನೆ ವಾಸಕ್ಕೆ ಸಾಲದು ಅಂತಲೇ ಅರ್ಥ. ನಾನು ಹೇಳಿದ್ದೂ ಅದನ್ನೇ.

ಗಾರೆಕೆಲಸ
ಎರಡು ಸೇರಿಸಿ ಒಂದು ಮಾಡೋಕೆ ಆಗುತ್ತೆ ಅಂದ್ರೆ ಮೂಲ ಗೋಡೆ ಗಟ್ಟಿ ಇದೆ ಅಂತಲೂ ಅರ್ಥ. ನೀವು ಕೊಂಡ ಹೊಸ ಫ್ಲಾಟಿನ ಗೋಡೆಗೆ ಒಂದು ಮೊಳೆ ಹೊಡೀರಿ, ಪಕ್ಕದವರ ಟಿವಿಗೆ ಹೋಗಿ ತಗುಲುತ್ತೆ.

ಐಟಿಬಿಟಿ
ನಮ್ಮ ಫ್ಲಾಟಿನಲ್ಲಿ ತೇವ ಮಾತ್ರ ಇಲ್ಲ 😀

ಸುಮ್ನೆಓದುಗ
ಗ್ರ್ಯಾನ್‌ಬಿ ಬೀದಿಯ ಕಥೆ ಯಾರಾದ್ರೂ ಹೇಳಿ. ಅದಕ್ಕೆ ಕಲೆಯ ಪ್ರಶಸ್ತಿ ಬಂದಿತ್ತು ಅಂತ ಓದಿದ್ದೆ.

ಲೀಡ್ಸ್‌ಅಕ್ಕ
ಅದೂ ಟಾಕ್ಸ್‌ಟೆತ್‌ನಲ್ಲೇ. ಖಾಲಿ ಬಿದ್ದ ಬೀದಿಯಲ್ಲಿ ಉಳಿದಿದ್ದ ಹೆಂಗಸರು ಕಾಯೋದು ಸಾಕಾಗಿ ತಾವೇ ಗುಡಿಸಿ, ತಗಡಿನ ಮೇಲೆ ಬಣ್ಣ ಹಚ್ಚಿ, ಕುಂಡದಲ್ಲಿ ಗಿಡ ಹಾಕಿ, ತಿಂಗಳಿಗೊಮ್ಮೆ ಸಂತೆ ಶುರು ಮಾಡಿದ್ರು. 2011ರಲ್ಲಿ ಟ್ರಸ್ಟ್ ಮಾಡ್ಕೊಂಡು ಹತ್ತು ಮನೆ ಪಡೆದ್ರು. ಅಸೆಂಬಲ್ ಅನ್ನೋ ಯುವ ವಾಸ್ತುಶಿಲ್ಪಿಗಳ ಗುಂಪು ಜೊತೆಯಾಯ್ತು. ಕೆಡವಿದ ಮನೆಯ ಇಟ್ಟಿಗೆ ಸ್ಲೇಟು ಪುಡಿ ಮಾಡಿ, ಅದರಿಂದಲೇ ಬೆಂಕಿಗೂಡಿನ ಚೌಕಟ್ಟು ಎರಕ ಹೊಯ್ದ್ರು. 2015ರ ಟರ್ನರ್ ಪ್ರಶಸ್ತಿ ಅವರಿಗೆ ಬಂತು. ನೆಲ ಸೂರು ಕುಸಿದಿದ್ದ ಎರಡು ಮನೆಗಳ ಒಳಗೆ ಈಗ ಗಾಜಿನ ಮಾಡು ಹಾಕಿ ತೋಟ ಮಾಡಿದ್ದಾರೆ. ಇಟ್ಟಿಗೆ ಗೋಡೆ, ನಡುವೆ ಮರ. ನಮ್ಮ ತೊಟ್ಟಿಮನೆಯಲ್ಲಿ ನಿಂತ ಹಾಗೇ ಆಯ್ತು ನನಗೆ.

ಹೊಸಬ22
ನಾನು ಪ್ರೆಸ್ಟನ್‌ನಲ್ಲಿ ಕೆಮಿಕಲ್ ಇಂಜೆಕ್ಷನ್ ಮಾಡಿಸಿ 12 ವರ್ಷ ಆಯ್ತು, ಗೋಡೆ ಒಣಗಿಯೇ ಇದೆ. ಗಾರೆಕೆಲಸದವರು ಎಲ್ಲ ಕಂಪನಿಯವರನ್ನೂ ಕಳ್ಳರ ಥರ ಮಾತಾಡೋದು ಸರಿಯಲ್ಲ.

ಗಾರೆಕೆಲಸ
ಕಳ್ಳರು ಅಂದಿಲ್ಲ. ಇಂಜೆಕ್ಷನ್ ಜೊತೆಗೆ ಬೇರೆ ಏನು ಮಾಡಿಸಿದ್ರಿ?

ಹೊಸಬ22
ಹೊರಗಿನ ಮಣ್ಣು ಒಂದಡಿ ತೆಗೆಸಿದ್ವಿ. ಸೂರಿನ ಮಳೆನೀರು ಹರಿಯೋ ದೋಣಿ ಕೊಳವೆ ಹೊಸದು ಹಾಕಿಸಿದ್ವಿ.

ಗಾರೆಕೆಲಸ
😄 ಜ್ವರಕ್ಕೆ ಮಾತ್ರೆಯೂ ತಗೊಂಡು, ದೇವರಿಗೆ ಹರಕೆಯೂ ಹೊತ್ತು, ವಾಸಿ ಆಯ್ತು ಅಂದ ಹಾಗೆ. ಯಾವುದರಿಂದ ಅಂತ ಜಗಳ ಬೇಡ ಬಿಡಿ.

ಹೊಸಬ22
ಹರಕೆಯಿಂದಲೂ ಆಗಿರಬಹುದಲ್ಲ!

ಮಳೆಕಪ್ಪೆ
ವರದಿ ಒಪ್ಪಿಸ್ತಿದ್ದೀನಿ. ಭಾನುವಾರ ಹಿತ್ತಲಲ್ಲಿ ಕೂತು ನೋಡಿದೆ. ಗೋಡೆ ಬುಡಕ್ಕೆ ಒಂದಡಿ ಎತ್ತರ ಸಿಮೆಂಟು ಲಂಗದ ಹಾಗೆ ಸುತ್ತಿದ್ದಾರೆ. ಅಲ್ಲಲ್ಲಿ ಬಿರುಕು. ಅದರ ಮೇಲಿನ ಸಂದಿಗೆ ಕೀಲಿಕೈ ಹಾಕಿದೆ. ಹುರಿಹಿಟ್ಟಿನ ಹಾಗೆ ಉದುರ್ತು. ಆದ್ರೆ ಬೆಳ್ಳಗಿಲ್ಲ, ಕಪ್ಪಗಿದೆ, ನಡುವೆ ಸಾಸಿವೆ ಕಾಳಿನಷ್ಟು ಮಿರಿಮಿರಿ ಚೂರು. ಇದು ಸುಣ್ಣವಾ?

ಗಾರೆಕೆಲಸ
ಸುಣ್ಣವೇ. ಮರಳಿನ ಬದಲು ಕಲ್ಲಿದ್ದಲ ಬೂದಿ, ಕಿಟ್ಟ ಕಲೆಸಿದ ಗಾರೆ. ಉತ್ತರ ಇಂಗ್ಲೆಂಡಿನಲ್ಲಿ ಬೂದಿಗೆ ಬರವೇ ಇರಲಿಲ್ಲ, ಪುಕ್ಕಟೆ. ನಮ್ಮಲ್ಲಿ ಸುಟ್ಟ ಇಟ್ಟಿಗೆ ಪುಡಿ ಹಾಕಿ ಸುರ್ಕಿ ಗಾರೆ ಮಾಡ್ತಿದ್ರಲ್ಲ, ಆ ಜಾತಿಯದ್ದು. 1911ರಲ್ಲಿ ಕಟ್ಟಲು ಶುರು ಮಾಡಿದ ಕನ್ನಂಬಾಡಿ ಅಣೆಕಟ್ಟೆ ನಿಂತಿರೋದು ಆ ಸುರ್ಕಿ ಗಾರೆಯ ಮೇಲೆ. ಆದ್ದರಿಂದ 'ಸಿಮೆಂಟ್ ಇಲ್ದೆ ಗಟ್ಟಿ ಬರಲ್ಲ' ಅಂತ ಯಾವ ಮೇಸ್ತ್ರಿ ಹೇಳಿದ್ರೂ ಕೆ.ಆರ್.ಎಸ್. ತೋರಿಸಿ.

ಈಗ ಆ ಲಂಗ ಬಿಚ್ಚಿ. ಉಳಿ, ಸಣ್ಣ ಸುತ್ತಿಗೆ. ಡ್ರಿಲ್ ಬೇಡ, ಇಟ್ಟಿಗೆಯ ಮುಖ ಕಿತ್ತು ಬರುತ್ತೆ. ಒಳಗೆ ಏನು ಸಿಗುತ್ತೆ ಹೇಳಿ.

ಬೆಣ್ಣೆದೋಸೆ78
ನಿಧಿ ಸಿಕ್ಕಿದ್ರೆ ಅರ್ಧ ನಮಗೂ.

ಮಳೆಕಪ್ಪೆ
ಎರಡು ವಾರ ಆಯ್ತು, ಕ್ಷಮಿಸಿ. ಅಂಗೈಯೆಲ್ಲ ಗುಳ್ಳೆ.

ಸಿಮೆಂಟು ದೋಸೆ ಎದ್ದ ಹಾಗೆ ತಟ್ಟೆ ತಟ್ಟೆಯಾಗಿ ಬಂತು. ಹಿಂದಿನ ಇಟ್ಟಿಗೆ ಮುಟ್ಟಿದರೆ ತೊಟ್ಟಿಕ್ಕುವಷ್ಟು ಒದ್ದೆ. ಕೆಳಗಿಂದ ಎರಡನೇ ವರಸೆಯ ಮೇಲೆ ಬೆರಳಿನಷ್ಟು ಕಪ್ಪು ಗೆರೆ, ಗೋಡೆಯುದ್ದಕ್ಕೂ. ಸ್ಲೇಟು! ಎರಡು ಪದರ, ಒಂದರ ಮೇಲೊಂದು. ತೇವ ತಡೆಯುವ ಪದರ ಕಟ್ಟಿದವರೇ ಹಾಕಿಟ್ಟಿದ್ದಾರೆ, ಇನ್ನೂ ನೆಟ್ಟಗಿದೆ. ಆದ್ರೆ ಹಿತ್ತಲಿಗೆ ಯಾರೋ ಕಾಂಕ್ರೀಟ್ ಸುರಿದು ನೆಲ ಎತ್ತರಿಸಿ ಸ್ಲೇಟಿನ ಮಟ್ಟಕ್ಕೆ ತಂದಿದ್ದಾರೆ, ಅದರ ಮೇಲೆ ಸಿಮೆಂಟು. ನೀರು ಸ್ಲೇಟನ್ನ ಹಾರಿ ಆಚೆ ಹೋಗೋಕೆ ಸೇತುವೆ ಕಟ್ಟಿಕೊಟ್ಟ ಹಾಗೆ. ಮೂಲೆಯಲ್ಲಿ ಎರಕದ ಕಬ್ಬಿಣದ ಜಾಲರಿಯೊಂದು ಸಿಮೆಂಟಿನಲ್ಲಿ ಹೂತಿತ್ತು, ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು. ಅದನ್ನ ಬಿಡಿಸಿದ ತಕ್ಷಣ ಒಳಗಿನ ಮರದ ನೆಲದ ಕೆಳಗಿಂದ ತಣ್ಣಗೆ ಗಾಳಿ ಬಂತು. ಒಂಥರಾ ಹಳೇ ಕಣಜದ ವಾಸನೆ.

ಮೇಲೆ ನೋಡಿದ್ರೆ ದೋಣಿಯ ಕೀಲು ಬಿಟ್ಟು ಸರಿಯಾಗಿ ಆ ಗೋಡೆಗೇ ಸುರೀತಿತ್ತು. ಆರು ತಿಂಗಳಿಂದ ಆ ಕಲೆ ಕಾಣ್ತಾ ಇತ್ತು, ನಾನು ಕತ್ತೆತ್ತಿರಲಿಲ್ಲ.

ನಕ್ಷೆಹುಚ್ಚರೇ, ಆರನೇ ಏಳನೇ ಮನೆ ನಡುವೆ ನೀವು ಹೇಳಿದ ನೇರ ಗೆರೆ ಇದೆ. ಗ್ರಂಥಾಲಯಕ್ಕೂ ಹೋದೆ. 1881ರ ಜನಗಣತಿಯಲ್ಲಿ ನಮ್ಮ ಮನೆಯಲ್ಲಿ ಒಬ್ಬ ಬಡಗಿ, ಹೆಂಡತಿ, ನಾಲ್ಕು ಮಕ್ಕಳು, ಇಬ್ಬರು ಬಾಡಿಗೆಯವರು. ಎಂಟು ಜನ! ನಾವು ಮೂವರು, ಜಾಗ ಸಾಲಲ್ಲ ಅಂತ ದಿನಾ ಜಗಳ. ಬಡಗಿಯೂ ಹೆಂಡತಿಯೂ ಹುಟ್ಟಿದ್ದು ಉತ್ತರ ವೇಲ್ಸಿನ ಆಂಗಲ್ಸಿಯಲ್ಲಿ.

ಹಳೇಡಾಕ್ಟ್ರು
ಅವನೂ ಊರಿಗೆ 'ಸೌಖ್ಯವಾಗಿದ್ದೇನೆ' ಅಂತಲೇ ಬರೆದಿರ್ತಾನೆ.

ಕರಾವಳಿಹುಡುಗಿ
ಪಕ್ಕದಜ್ಜಿಗೆ ಸುತ್ತಿಗೆ ಸದ್ದಿಗೆ ಕೋಪ ಬರ್ಲಿಲ್ವಾ?

ಮಳೆಕಪ್ಪೆ
ಅಜ್ಜಿಗೆ ಸುತ್ತಿಗೆಯ ತಕರಾರಿಲ್ಲ. ಕುಕ್ಕರಿನದ್ದೇ ತಕರಾರು. ನಡುಗೋಡೆಯ ಆಚೆಯಿಂದ ಕೂಗು ಎಣಿಸ್ತಾರಂತೆ. 'ನಿನ್ನೆ ಐದು ಆಯ್ತು, ಸಾಮಾನ್ಯ ನಾಲ್ಕಲ್ವಾ?' ಅಂತ ಬಾಗಿಲಲ್ಲಿ ಹಿಡಿದು ಕೇಳಿದ್ರು. ಕಡಲೆಕಾಳು ಅಂತ ವಿವರಿಸಿದೆ.

ಗಾರೆಕೆಲಸ
ಕಡಲೆಕಾಳು ಇರಲಿ. ಇನ್ನು ಕಾಂಕ್ರೀಟ್ ಒಡೆದು ನೆಲವನ್ನ ಸ್ಲೇಟಿಗಿಂತ 150 ಮಿಲಿಮೀಟರ್ ಕೆಳಗಿಳಿಸಿ. ಗೋಡೆ ಪಕ್ಕ ಒಂದಡಿ ಅಗಲ ಜಲ್ಲಿ ಹಾಕಿ. ದೋಣಿ ಸರಿ ಮಾಡಿಸಿ. ಸಂದಿಗಳಿಗೆ ಸುಣ್ಣದ ಗಾರೆಯನ್ನೇ ತುಂಬಿ, ಹೊರಗೆ ಮಂಜು ಬೀಳದ ತಿಂಗಳಲ್ಲಿ. ಒಳಗಿನ ಗಿಲಾವು ಈಗಲೇ ಮುಟ್ಟಬೇಡಿ, ವಾಲ್‌ಪೇಪರ್ ಕಿತ್ತು ಬರಿಗೋಡೆ ಬಿಡಿ. ಒಂಬತ್ತು ಇಂಚಿನ ಗೋಡೆ ಒಣಗೋಕೆ ಇಂಚಿಗೆ ಒಂದು ತಿಂಗಳು ಅಂತ ನಮ್ಮವರು ಹೇಳೋದು, ಅವಸರ ಬೇಡ. ಆ ಕಬ್ಬಿಣದ ಜಾಲರಿಗೆ ಇಲಿ ಬರದ ಹಾಗೆ ಒಳಗಡೆ ತಂತಿ ಬಲೆ ಕಟ್ಟಿ. ತೀರಾ ಸಣ್ಣ ಕಣ್ಣಿನದು ಬೇಡ, ಧೂಳು ಕಟ್ಟಿ ಮತ್ತೆ ಮುಚ್ಚಿಹೋಗುತ್ತೆ.

ಮಳೆಕಪ್ಪೆ
ಸರಿ. ಒಂಬತ್ತು ತಿಂಗಳು ಬಿಟ್ಟು ಫೋಟೋ ಹಾಕ್ತೀನಿ. ಅಲ್ಲೀತನಕ ಅಮ್ಮನಿಗೆ ಮುಂದಿನ ಕೋಣೆಯಿಂದಲೇ ವೀಡಿಯೋ ಕಾಲ್.